ಕೊನೆಯ ಹಾಜರಿ ಪುಸ್ತಕ: ಒಂದು ಮಾಜಿ ಸೈನಿಕರ ಸಂಘದ ಪ್ರಕರಣ

212 ಸದಸ್ಯರ ಸಂಘ. ಸಭೆಗೆ ಬರುವವರು ಇಪ್ಪತ್ತರ ಆಸುಪಾಸು. ಉಳಿದವರೆಲ್ಲ ಎಲ್ಲಿ ಅಂತ ಮೊದಲ ದಿನವೇ ಕೇಳಿದೆ. ಕಾರ್ಯದರ್ಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಾಸ್ತಿ ಜನ ಮಣ್ಣಲ್ಲಿದ್ದಾರೆ” ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ನಿಜವನ್ನೇ ಹೇಳಿದ್ದರು. ಆ ಸಂಘದ ಪಟ್ಟಿಯಿಂದ ಸತ್ತವರ ಹೆಸರನ್ನು ಯಾರೂ ಯಾವತ್ತೂ ತೆಗೆದಿರಲಿಲ್ಲ.

ನಾನು ಸೈನಿಕನಲ್ಲ. ಸಂಘಗಳ ಬೈಲಾ (ಅಂದರೆ ನಿಯಮಾವಳಿ), ಸದಸ್ಯರ ಪಟ್ಟಿ, ನಡಾವಳಿ ಪುಸ್ತಕ ಇಂಥವನ್ನು ಸರಿಮಾಡಿಕೊಡುವ ಕೆಲಸ ನನ್ನದು. ಈ ಮಾಜಿ ಸೈನಿಕರ ಸಂಘದ ಜೊತೆ ಸುಮಾರು ಮೂರು ವರ್ಷ ಓಡಾಡಿದೆ. ಇಂಥದೇ ಸ್ಥಿತಿಯಲ್ಲಿರುವ ಬೇರೆ ಸಂಘಗಳಿಗೆ ಉಪಯೋಗವಾಗಲಿ ಅಂತ, ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ದೇಶ ಯಾವುದು, ಯುದ್ಧ ಯಾವುದು, ಪಡೆ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಬಲ್ಲವರಿಗೆ ಒಂದೇ ನಿಮಿಷದಲ್ಲಿ ಗುರುತು ಸಿಗುತ್ತದೆ. ಸಂಖ್ಯೆಗಳನ್ನೂ ಸ್ವಲ್ಪ ಬದಲಿಸಿದ್ದೇನೆ, ಲೆಕ್ಕ ಕೆಡದ ಹಾಗೆ.

ನಾಲ್ಕನೇ ಕಲಮು

ಸಂಘ ಹುಟ್ಟಿದ್ದು ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ. ಒಂದೇ ಪಡೆಯಲ್ಲಿದ್ದ ಕೆಲವು ಗೆಳೆಯರು ಸತ್ತ ಒಬ್ಬ ಜೊತೆಗಾರನ ಮನೆಗೆ ಹೋಗಿದ್ದರು. ಅವನ ಹೆಂಡತಿಗೆ ಪಿಂಚಣಿಯ ಅರ್ಜಿ ತುಂಬುವುದು ಗೊತ್ತಿರಲಿಲ್ಲ. ಅರ್ಜಿಯನ್ನು ಇವರೇ ತುಂಬಿಕೊಟ್ಟರು. ವಾಪಸ್ ಬರುವ ದಾರಿಯಲ್ಲಿ, ಇಂಥ ಮನೆಗಳು ಇನ್ನೆಷ್ಟು ಇರಬಹುದು ಅನ್ನುವ ಮಾತು ಬಂತು. ಸಂಘ ಶುರುವಾಗಿದ್ದು ಹಾಗೆ. ನೆನಪಿನ ದಿನ, ಬಾವುಟ, ಮೆರವಣಿಗೆ ಎಲ್ಲ ಆಮೇಲೆ ಬಂದವು. ಈ ಕ್ರಮ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಬೈಲಾ ಬರೆಯುವಾಗ ನಾಲ್ಕನೇ ಕಲಮಿನಲ್ಲಿ ಹೀಗೆ ಹಾಕಿದರು: ಈ ಪಡೆಯ ಜೊತೆ, ಈ ಯುದ್ಧದಲ್ಲಿ, ಮುಂಚೂಣಿಯಲ್ಲಿ ಸೇವೆ ಮಾಡಿದವರು ಮಾತ್ರ ಸದಸ್ಯರಾಗಬಹುದು. ‘ಮಾತ್ರ’ ಅನ್ನುವ ಪದದ ಕೆಳಗೆ ಗೆರೆ ಎಳೆದಿದ್ದರು. ಟೈಪ್ ಮಾಡಿದ ಹಾಳೆಯ ಮೇಲೆ ಆಮೇಲೆ ಪೆನ್ನಿನಿಂದ ಎಳೆದ ಗೆರೆ ಅದು. ಅಂದರೆ ಅವತ್ತೇ ಯಾರೋ ಈ ಬಗ್ಗೆ ತಕರಾರು ಎತ್ತಿದ್ದರು, ಇನ್ಯಾರೋ ಸೋತಿದ್ದರು.

ಹೊರಗಿನವರಿಗೆ ಇದು ಸಣ್ಣತನ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಬೇರೆ ಸಂಘಗಳ ಚರಿತ್ರೆ ಓದುತ್ತಾ ಹೋದೆ. ‘ಯಾರು ಒಳಗೆ, ಯಾರು ಹೊರಗೆ’ ಅನ್ನುವ ಜಗಳ ಇಂಥ ಸಂಘಗಳಲ್ಲಿ ಶುರುವಿನಿಂದಲೂ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ವರ್ಷ, 1783ರಲ್ಲಿ, ಅಲ್ಲಿನ ಸೇನಾಧಿಕಾರಿಗಳು ಸೊಸೈಟಿ ಆಫ್ ದಿ ಸಿನ್ಸಿನಾಟಿ ಕಟ್ಟಿದರು. ಜಾರ್ಜ್ ವಾಷಿಂಗ್ಟನ್ ಅದರ ಮೊದಲ ಅಧ್ಯಕ್ಷರು. ಸಾಮಾನ್ಯ ಸಿಪಾಯಿಗೆ ಅಲ್ಲಿ ಜಾಗವಿರಲಿಲ್ಲ. ಸದಸ್ಯತ್ವ ಅಪ್ಪನಿಂದ ಹಿರಿಮಗನಿಗೆ ಹೋಗುತ್ತಿತ್ತು. ರಾಜನನ್ನು ಓಡಿಸಿದವರೇ ಈಗ ಹೊಸ ದೊರೆಗಳಾಗಲು ಹೊರಟಿದ್ದಾರೆ ಅಂತ ಜನ ಬೈದರು. ಬೆಂಜಮಿನ್ ಫ್ರಾಂಕ್ಲಿನ್ ಗೇಲಿ ಮಾಡಿದರು. ಆದರೆ ಆ ಸಂಘ ಇವತ್ತಿಗೂ ಇದೆ. ಮಗನಿಂದ ಮಗನಿಗೆ ಹೋಗುವ ಸಂಘಕ್ಕೆ ಸಾವಿಲ್ಲ, ಅಲ್ವಾ?

ಮೊದಲ ಮಹಾಯುದ್ಧದ ಬೆನ್ನಿಗೇ ಬ್ರಿಟನ್ನಿನಲ್ಲಿ ನಾಲ್ಕು ಸಂಘಗಳಿದ್ದವು. ಒಂದು ಕಾರ್ಮಿಕ ಸಂಘಟನೆಗಳಿಗೆ ಹತ್ತಿರ, ಒಂದು ಲಿಬರಲ್ ಪಕ್ಷಕ್ಕೆ, ಇನ್ನೊಂದು ಕನ್ಸರ್ವೇಟಿವ್ ಪಕ್ಷಕ್ಕೆ. ನಾಲ್ಕನೆಯದು ಅಧಿಕಾರಿಗಳದ್ದು. ಇವುಗಳಲ್ಲಿ ಒಂದು, ಸಿಪಾಯಿಯಾಗಿ ಸೇರಿ ಮೇಲೆ ಬಂದವರನ್ನು ಬಿಟ್ಟು ಬೇರೆ ಅಧಿಕಾರಿಗಳನ್ನು ಮೊದಮೊದಲು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. 1921ರ ಮೇ 15ರಂದು ನಾಲ್ಕೂ ಸೇರಿ ಬ್ರಿಟಿಷ್ ಲೀಜನ್ ಆಯಿತು. ಹೆಸರಿನ ಮೊದಲಿಗೆ ‘ರಾಯಲ್’ ಸೇರಿದ್ದು 1971ರಲ್ಲಿ. ಈಗ ಅದಕ್ಕೆ ಸೇನೆಯ ಮುಖ ನೋಡದವರೂ ಸದಸ್ಯರಾಗಬಹುದು. ಭಾರತದಲ್ಲಿ ಕೆ. ಎಂ. ಕಾರ್ಯಪ್ಪ 1964ರಲ್ಲಿ ಕಟ್ಟಿದ ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್ ಕೂಡ ಒಂದು ಯುದ್ಧಕ್ಕೋ ಒಂದು ರೆಜಿಮೆಂಟಿಗೋ ಕಟ್ಟುಬಿದ್ದದ್ದಲ್ಲ.

ಅಂದರೆ ಎರಡು ಬಗೆ ಇವೆ. ಸೇನೆಯಲ್ಲಿದ್ದವರಿಗೆಲ್ಲ ಬಾಗಿಲು ತೆರೆದ ದೊಡ್ಡ ಸಂಘಗಳು ಒಂದು. ಒಂದೇ ಯುದ್ಧ, ಒಂದೇ ಪಡೆ, ಒಂದೇ ಕಣಿವೆಯ ನೆನಪಿಗೆ ಕಟ್ಟಿದ ಚಿಕ್ಕ ಸಂಘಗಳು ಇನ್ನೊಂದು. ಚಿಕ್ಕ ಸಂಘದಲ್ಲಿ ಸಿಗುವ ಆಪ್ತತೆ ದೊಡ್ಡದರಲ್ಲಿ ಸಿಗುವುದಿಲ್ಲ. ಅಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. “ಆ ರಾತ್ರಿ” ಅಂದರೆ ಸಾಕು, ಯಾವ ರಾತ್ರಿ ಅಂತ ಎಲ್ಲರಿಗೂ ಗೊತ್ತು. ಆದರೆ ಅದರ ಬೆಲೆಯನ್ನು ಬೈಲಾ ಬರೆದ ದಿನವೇ ಕೊಟ್ಟಾಗಿರುತ್ತದೆ. ಸದಸ್ಯತ್ವದ ಕಲಮಿನಲ್ಲಿ ಸಂಘದ ಸಾವಿನ ತಾರೀಖೂ ಇರುತ್ತದೆ. ಬರೆದವರು ಮೂವತ್ತರ ಪ್ರಾಯದವರು, ಅದು ಅವರ ಕಣ್ಣಿಗೆ ಬೀಳುವುದಿಲ್ಲ.

ಬೀಗ ಒಳಗಿನಿಂದ ಹಾಕಿತ್ತು

ನಾನು ಹೋದಾಗ ಅತಿ ಕಿರಿಯ ಸದಸ್ಯರಿಗೆ 76 ವರ್ಷ. ಅಧ್ಯಕ್ಷರಿಗೆ 86. ಒಂದು ಕಟ್ಟಡವಿತ್ತು, ಒಂದಿಷ್ಟು ನಿಧಿ ಇತ್ತು, ಬೀರು ತುಂಬ ಪತ್ರಗಳಿದ್ದವು. ಕೆಲಸವೂ ನಿಂತಿರಲಿಲ್ಲ. ವರ್ಷಕ್ಕೆ ಹತ್ತಾರು ವಿಧವೆಯರ ಅರ್ಜಿಗಳು, ಆಸ್ಪತ್ರೆಯಲ್ಲಿರುವವರ ಭೇಟಿ, ಮನೆಯವರಿಗೆ ಫೋನು ಇವೆಲ್ಲ ನಡೆಯುತ್ತಿದ್ದವು. ಇದನ್ನೆಲ್ಲ ಮಾಡುತ್ತಿದ್ದವರು ಮುಖ್ಯವಾಗಿ ಒಬ್ಬರೇ. ಅವರು ಸದಸ್ಯರಲ್ಲ. ಸತ್ತ ಸದಸ್ಯರೊಬ್ಬರ ಹೆಂಡತಿ, ವಯಸ್ಸು 71. ಹದಿನಾಲ್ಕು ವರ್ಷದಿಂದ ಸಂಘದ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಸಭೆ ಶುರುವಾದ ಕೂಡಲೇ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು, ಯಾಕೆಂದರೆ ಸಭೆ ಸದಸ್ಯರಿಗೆ ಮಾತ್ರ.

ನನ್ನನ್ನು ಕರೆದದ್ದು ಖಜಾಂಚಿ. ಲೆಕ್ಕದ ಮನುಷ್ಯ. ಸದಸ್ಯರ ವಯಸ್ಸನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. “ಹತ್ತು ವರ್ಷ ಆದಮೇಲೆ ಈ ಕಟ್ಟಡದ ಬೀಗದಕೈ ಯಾರ ಹತ್ತಿರ ಇರುತ್ತೆ, ಹೇಳಿ ನೋಡೋಣ” ಅಂದರು.

ಅವರ ಮುಂದೆ ಅಮೆರಿಕದ ಒಂದು ಉದಾಹರಣೆ ಇತ್ತು. ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದ ಕಡೆ ಹೋರಾಡಿದವರು 1866ರಲ್ಲಿ ಇಲಿನಾಯ್ಸ್ ರಾಜ್ಯದ ಡೆಕಾಟರ್‌ನಲ್ಲಿ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಅನ್ನುವ ಸಂಘ ಶುರುಮಾಡಿದರು. 1890ರ ಹೊತ್ತಿಗೆ ಸದಸ್ಯರು 4 ಲಕ್ಷ ದಾಟಿದ್ದರು. ಪಿಂಚಣಿ ಕಾನೂನುಗಳನ್ನು ಬದಲಿಸುವಷ್ಟು ಬಲ ಅದಕ್ಕಿತ್ತು. ಆದರೆ ಆ ಯುದ್ಧದಲ್ಲಿ ಇದ್ದವರಿಗೆ ಮಾತ್ರ ಸದಸ್ಯತ್ವ. 1949ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕೊನೆಯ ಸಮಾವೇಶ ನಡೆದಾಗ ಬಂದವರು ಆರು ಜನ. 1956ರ ಆಗಸ್ಟ್‌ನಲ್ಲಿ ಆಲ್ಬರ್ಟ್ ವುಲ್ಸನ್ ಅನ್ನುವ ಕೊನೆಯ ಸದಸ್ಯ ತೀರಿಕೊಂಡರು. ಸಂಘವೂ ಅಲ್ಲಿಗೆ ಮುಗಿಯಿತು. ಆದರೆ ಅವರು ಜಾಣರು. ಗಂಡುಮಕ್ಕಳ ಸಂಘವೊಂದು 1881ರಲ್ಲೇ ಬೇರೆಯಾಗಿ ಹುಟ್ಟಿತ್ತು, ಹೆಂಗಸರ ಸಂಘ 1883ರಲ್ಲಿ. ನೆನಪನ್ನು ಹೊರುವವರು ಮೊದಲೇ ತಯಾರಾಗಿದ್ದರು.

ನಮ್ಮ ಈ ಸಂಘದಲ್ಲಿ ಅಂಥ ತಯಾರಿ ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೈಲಾದ ಕೊನೆಯ ಪುಟದಲ್ಲಿತ್ತು. ಬೈಲಾ ತಿದ್ದಬೇಕಾದರೂ ಸರಿ, ಸಂಘ ಮುಚ್ಚಬೇಕಾದರೂ ಸರಿ, ಪಟ್ಟಿಯಲ್ಲಿ ಹೆಸರಿರುವ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಖುದ್ದಾಗಿ ಹಾಜರಿರಬೇಕು. ಬಂದವರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಬಾರದವರ ಪರವಾಗಿ ಬೇರೆಯವರು ಮತ ಹಾಕಲು ಅವಕಾಶವಿಲ್ಲ. 212ರಲ್ಲಿ ಮೂರರಲ್ಲಿ ಎರಡು ಪಾಲು ಅಂದರೆ 142. ಬದುಕಿದ್ದವರೇ ಅಷ್ಟಿರಲಿಲ್ಲ.

ಅಂದರೆ ಸಂಘ ತನ್ನನ್ನು ಬದಲಿಸಿಕೊಳ್ಳುವ ಹಾಗೂ ಇಲ್ಲ, ಮುಚ್ಚಿಕೊಳ್ಳುವ ಹಾಗೂ ಇಲ್ಲ. ಇದು ಮೊದಲ ವಾರವೇ ನನ್ನ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ. ನಾನು ನಾಲ್ಕನೇ ಕಲಮನ್ನೇ ನೋಡುತ್ತಾ ಕೂತಿದ್ದೆ.

ಮೊದಲ ವರ್ಷದ ಪ್ರಯತ್ನಗಳು

ಮೊದಲು ಮಾಡಿದ್ದು ಸುಲಭದ ಕೆಲಸ. ಅರ್ಹತೆ ಇದ್ದೂ ಸೇರದವರನ್ನು ಹುಡುಕುವುದು. ಹಳೆ ಪಟ್ಟಿಗಳನ್ನು ತಾಳೆ ಹಾಕಿದೆವು. ಹನ್ನೊಂದು ಹೆಸರು ಸಿಕ್ಕವು. ಏಳು ಜನ ತೀರಿಕೊಂಡಿದ್ದರು. ಉಳಿದ ನಾಲ್ವರಿಗೆ ಆಸಕ್ತಿ ಇರಲಿಲ್ಲ. ಒಬ್ಬರಂತೂ, “ಅದನ್ನು ಮರೆಯೋಕೆ ಐವತ್ತು ವರ್ಷ ತಗೊಂಡಿದೀನಿ. ಪ್ಲೀಸ್, ಮತ್ತೆ ಫೋನ್ ಮಾಡಬೇಡಿ” ಅಂದರು. ಇಂಥವರೂ ಇರುತ್ತಾರೆ. ಸಂಘದೊಳಗೇ ಇರುವವರಿಗೆ ಇದು ನೆನಪಿರುವುದಿಲ್ಲ.

ಆದರೆ ಆ ಹುಡುಕಾಟದಲ್ಲಿ ಇನ್ನೊಂದು ಫೈಲು ಸಿಕ್ಕಿತು. ತಿರಸ್ಕರಿಸಿದ ಅರ್ಜಿಗಳದ್ದು. ಗಾಯಾಳುಗಳ ಶಿಬಿರದಲ್ಲಿದ್ದ ನರ್ಸ್‌ಗಳು, ಅಡುಗೆಯವರು, ವೈರ್‌ಲೆಸ್ ನಿಲ್ದಾಣದವರು, ಲಾರಿ ಚಾಲಕರು. ಎಲ್ಲರ ಅರ್ಜಿಯ ಮೇಲೂ ಒಂದೇ ಷರಾ: ಮುಂಚೂಣಿಯಲ್ಲಿ ಇರಲಿಲ್ಲ. ಒಬ್ಬ ಲಾರಿ ಚಾಲಕರು ಮೂರು ಸಲ ಅರ್ಜಿ ಹಾಕಿದ್ದರು. ಕೊನೆಯದು 31 ವರ್ಷ ಹಿಂದಿನದು. ಅದರ ಜೊತೆ ಅವರದೇ ಅಕ್ಷರದಲ್ಲಿ ಅರ್ಧ ಪುಟದ ಪತ್ರವಿತ್ತು. ಮದ್ದುಗುಂಡು ತುಂಬಿದ ಲಾರಿಯನ್ನು ದೀಪ ಹಾಕದೆ ಎಷ್ಟು ರಾತ್ರಿ ಓಡಿಸಿದೆ ಅಂತ ಲೆಕ್ಕ ಕೊಟ್ಟಿದ್ದರು. ಕೊನೆಯ ಸಾಲು: “ಮುಂಚೂಣಿ ಎಲ್ಲಿಂದ ಶುರು ಅಂತ ಒಂದು ನಕ್ಷೆ ಕಳಿಸಿಕೊಡಿ.” ಉತ್ತರ ಹೋದ ಗುರುತು ಫೈಲಿನಲ್ಲಿ ಇರಲಿಲ್ಲ.

ಖಜಾಂಚಿ ಆ ಪತ್ರವನ್ನು ಎರಡು ಸಲ ಓದಿದರು. ಅವತ್ತು ಸಮಿತಿಯಲ್ಲಿ ತಾನೂ ಇದ್ದೆ ಅಂತ ಹೇಳಿ ಎದ್ದುಹೋದರು.

ಎರಡನೇ ಪ್ರಯತ್ನ ಹೊಸ ತಲೆಮಾರಿನದು. ಅದೇ ಪಡೆಯಲ್ಲಿ ಆಮೇಲೆ ಸೇವೆ ಮಾಡಿ ನಿವೃತ್ತರಾದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಆರು ಜನರನ್ನು ಒಂದು ಸಾಮಾನ್ಯ ಸಭೆಗೆ ಕರೆದೆವು. ಬಂದರು, ಹಿಂದಿನ ಸಾಲಿನಲ್ಲಿ ಕೂತರು. ನಮ್ಮ ಹಿರಿಯರು ಎಂದಿನಂತೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ಒಬ್ಬ ಕಿರಿಯರು ಎದ್ದು, ತಮ್ಮ ಜೊತೆಯವರಲ್ಲಿ ನಿದ್ದೆ ಬಾರದೆ, ಕೆಲಸ ಸಿಗದೆ ಕಷ್ಟಪಡುತ್ತಿರುವವರ ಬಗ್ಗೆ ಹೇಳಿದರು. ಸಂಘ ಏನಾದರೂ ಮಾಡಬಹುದಾ ಅಂತ ಕೇಳಿದರು. ಹಿರಿಯರೊಬ್ಬರು, “ನಮ್ಮ ಕಾಲದಲ್ಲಿ ಇದಕ್ಕೆಲ್ಲ ಹೆಸರೇ ಇರಲಿಲ್ಲ” ಅಂದರು. ಅದು ಬೈಗುಳವಲ್ಲ. ಬಹುಶಃ ಅನುಕಂಪದಲ್ಲೇ ಆಡಿದ ಮಾತು. ಆದರೆ ಹಿಂದಿನ ಸಾಲಿಗೆ ಅದು ಬೇರೆಯದೇ ಆಗಿ ಕೇಳಿಸಿತು. ಅವತ್ತೇ ಸುಮ್ನೆ ಒಂದು ಅಭಿಪ್ರಾಯ ಮತ ತೆಗೆದುಕೊಂಡೆವು. 22 ಜನರಲ್ಲಿ 15 ಜನ ಬೇಡ ಅಂದರು. ಕಿರಿಯರು ಆಮೇಲೆ ಬರಲಿಲ್ಲ. ತಮ್ಮದೇ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡರು ಅಂತ ಕೇಳಿದೆ.

ಇದು ಹಳೇ ಕಥೆಯೇ. ವಿಯೆಟ್ನಾಂನಿಂದ ವಾಪಸಾದ ಅನೇಕ ಅಮೆರಿಕನ್ ಸೈನಿಕರಿಗೆ ಹಿಂದಿನ ಯುದ್ಧಗಳವರ ಸಂಘಗಳಲ್ಲಿ ತಮ್ಮ ಜಾಗ ಕಾಣಲಿಲ್ಲ. 1978ರಲ್ಲಿ ಅವರು ವಿಯೆಟ್ನಾಂ ವೆಟರನ್ಸ್ ಆಫ್ ಅಮೆರಿಕ ಅಂತ ತಮ್ಮದೇ ಸಂಘ ಕಟ್ಟಿದರು. ಒಂದು ತಲೆಮಾರಿನ ಮಾಜಿ ಸೈನಿಕರು ಇನ್ನೊಂದು ತಲೆಮಾರನ್ನು ಇನ್ನೆಂದೂ ಕೈಬಿಡಬಾರದು ಅನ್ನುವುದು ಅವರ ಮೂಲಸೂತ್ರ. ಹಾಗಂತ ಹೇಳಿದ ಸಂಘವೂ ಸದಸ್ಯತ್ವವನ್ನು ಆ ಯುದ್ಧದ ಕಾಲದವರಿಗೇ ಇಟ್ಟುಕೊಂಡಿತು. ಅಮೆರಿಕನ್ ಲೀಜನ್ ಬೇರೆ ದಾರಿ ಹಿಡಿದಿತ್ತು. 1919ರಲ್ಲಿ ಮೊದಲ ಮಹಾಯುದ್ಧದವರಿಗಾಗಿ ಹುಟ್ಟಿದ ಅದು 1942ರಲ್ಲೇ, ಎರಡನೇ ಯುದ್ಧ ನಡೆಯುತ್ತಿರುವಾಗಲೇ, ಹೊಸಬರಿಗೆ ಬಾಗಿಲು ತೆರೆಯಿತು. ಆಮೇಲೂ ತೆರೆಯುತ್ತಲೇ ಹೋಯಿತು. 2019ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿ, 1941ರ ಡಿಸೆಂಬರ್ 7ರಿಂದ ಈಚೆಗೆ ಸೇವೆ ಸಲ್ಲಿಸಿದ ಎಲ್ಲರನ್ನೂ ಅದಕ್ಕೆ ಅರ್ಹರನ್ನಾಗಿ ಮಾಡಿತು. ನನ್ನ ಲೆಕ್ಕದಲ್ಲಿ ಇಲ್ಲಿ ಮುಖ್ಯವಾದದ್ದು 1942. ಹಳಬರು ಇನ್ನೂ ಐವತ್ತರ ಒಳಗೆ ಹೊರಗೆ ಇರುವಾಗಲೇ ಬಾಗಿಲು ತೆರೆದರೆ ಹೊಸಬರು ಬರುತ್ತಾರೆ. ಎಂಬತ್ತಾದ ಮೇಲೆ ತೆರೆದರೆ, ಬನ್ನಿ ನಮ್ಮನ್ನು ನೋಡಿಕೊಳ್ಳಿ ಅಂದ ಹಾಗೆ ಕೇಳಿಸುತ್ತದೆ.

ಮೂರನೇ ಪ್ರಯತ್ನ ನನ್ನದೇ ಸಲಹೆ, ನನ್ನದೇ ತಪ್ಪು. ಬೈಲಾ ತಿದ್ದದೆ ಸಮಿತಿಯ ಮಟ್ಟದಲ್ಲೇ ‘ಸಹ ಸದಸ್ಯ’ ಅನ್ನುವ ವರ್ಗ ಮಾಡಬಹುದಿತ್ತು. ವಿಧವೆಯರು, ಮಕ್ಕಳು, ತಿರಸ್ಕೃತರಾದವರು ಎಲ್ಲ ಸೇರಬಹುದು. ಸಭೆಯಲ್ಲಿ ಕೂರಬಹುದು, ಮತ ಹಾಕುವ ಹಾಗಿಲ್ಲ. ಶುಲ್ಕ ಮಾತ್ರ ಪೂರ್ತಿ. ನನಗೆ ಇದು ಜಾಣ ಉಪಾಯ ಅನ್ನಿಸಿತ್ತು. ಮೊದಲ ಅರ್ಜಿಯನ್ನು ಕಾಗದಪತ್ರ ನೋಡಿಕೊಳ್ಳುತ್ತಿದ್ದ ಆ ಹೆಂಗಸಿನ ಮುಂದೆಯೇ ಇಟ್ಟೆ. ಅವರು ಓದಿದರು. ಮಡಚಿ ವಾಪಸ್ ಕೊಟ್ಟರು.

“ಇಷ್ಟು ದಿನ ಬಾಗಿಲ ಹೊರಗೆ ಕೂರುತ್ತಿದ್ದೆ. ಅದಕ್ಕೊಂದು ಮರ್ಯಾದೆ ಇತ್ತು. ಈಗ ಒಳಗೆ ಕೂತು ಬಾಯಿ ಮುಚ್ಚಿಕೊಂಡಿರು ಅಂತೀರಾ?”

ಮಾರನೇ ವಾರದಿಂದ ಅವರು ಬರಲಿಲ್ಲ. ಎರಡು ತಿಂಗಳಲ್ಲಿ ಉತ್ತರ ಬರೆಯದ ಪತ್ರಗಳ ರಾಶಿ ಮೇಜಿನ ಅಂಚಿನವರೆಗೆ ಬಂತು. ಸಂಘ ನಿಜವಾಗಿ ಯಾರ ಮೇಲೆ ನಿಂತಿತ್ತು ಅನ್ನುವುದನ್ನು ಆ ರಾಶಿ ತೋರಿಸಿತು. ಅಧ್ಯಕ್ಷರು ಕೊನೆಗೆ ತಾವೇ ಅವರ ಮನೆಗೆ ಹೋದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅವರು ವಾಪಸ್ ಬಂದರು, ಒಂದು ಷರತ್ತಿನ ಮೇಲೆ: ವರ್ಷದೊಳಗೆ ಬೈಲಾ ತಿದ್ದಬೇಕು, ಇಲ್ಲವೇ ಕಟ್ಟಡದ ಬಾಗಿಲು ಹಾಕಬೇಕು.

ಪೆನ್ಸಿಲ್ ಗುರುತು

ಎರಡಕ್ಕೂ 142 ಜನ ಬೇಕಿತ್ತಲ್ಲ. ಆಗ ಪಟ್ಟಿಯ ಕಡೆ ತಿರುಗಿದೆವು.

ಪಟ್ಟಿ ಅಂದರೆ ಪುಸ್ತಕವಲ್ಲ. ಮರದ ಡ್ರಾಯರಿನಲ್ಲಿ ಜೋಡಿಸಿದ ಕಾರ್ಡುಗಳು, ಒಬ್ಬರಿಗೆ ಒಂದು. ಮೊದಲ ಕಾರ್ಯದರ್ಶಿಯ ಪದ್ಧತಿ ಹೀಗಿತ್ತು: ಸದಸ್ಯರು ತೀರಿಕೊಂಡರೆ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಚಿಕ್ಕ ಗುರುತು. ಶಾಯಿ ಬಳಸುವಂತಿಲ್ಲ. ಯಾಕೆ ಅಂತ ಕೇಳಿದರೆ, ಯುದ್ಧದಲ್ಲಿ ಸತ್ತರು ಅಂತ ಸುದ್ದಿ ಬಂದ ಇಬ್ಬರು ವಾರಗಳ ಮೇಲೆ ನಡೆದುಕೊಂಡು ವಾಪಸ್ ಬಂದಿದ್ದರಂತೆ. ಅವತ್ತಿನಿಂದ ಆತ ಯಾರ ಸಾವನ್ನೂ ಶಾಯಿಯಲ್ಲಿ ಬರೆದಿರಲಿಲ್ಲ. ಮುಂದಿನ ಕಾರ್ಯದರ್ಶಿಗಳು ಪದ್ಧತಿ ಮುಂದುವರಿಸಿದರು. ಕಾರಣ ಮರೆತುಹೋಯಿತು. ಗುರುತುಗಳು ಅಳಿಸಿಹೋದವು.

ವರ್ಷಕ್ಕೊಮ್ಮೆ ನೆನಪಿನ ದಿನ ಎಲ್ಲ ಕಾರ್ಡುಗಳ ಹೆಸರನ್ನೂ ಕೂಗುತ್ತಿದ್ದರು. ಇದ್ದವರು “ಹಾಜರ್” ಅನ್ನಬೇಕು. ಇಲ್ಲದವರ ಪರವಾಗಿ ಯುದ್ಧದಲ್ಲಿ ಅವರ ಪಕ್ಕದಲ್ಲಿ ಇದ್ದವರು ಯಾರಾದರೂ “ಹಾಜರ್” ಅನ್ನುತ್ತಿದ್ದರು. ಪೂರ್ತಿ ಒಂದು ಗಂಟೆ ಹಿಡಿಯುತ್ತಿತ್ತು. ಒಬ್ಬ ಸದಸ್ಯರು ಒಂಬತ್ತು ಹೆಸರಿಗೆ ಉತ್ತರ ಕೊಡುವುದನ್ನು ನಾನೇ ಕೇಳಿದೆ.

ಹೀಗಾಗಿ ಪಟ್ಟಿ ಸ್ವಚ್ಛ ಮಾಡೋಣ ಅಂದಾಗ ಅಧ್ಯಕ್ಷರು ಸಿಟ್ಟಾದರು. “ಸ್ವಚ್ಛ ಅಂದರೇನು? ಅವರೇನು ಕಸವಾ?” ಅಂದರು. ನನ್ನ ವೃತ್ತಿಯ ಭಾಷೆ ಅಲ್ಲಿ ಎಡವಿತು. ಲೆಕ್ಕಪತ್ರದಲ್ಲಿ ಅದು ದಿನಾ ಬಳಸುವ ಮಾತು. ಆ ಕೋಣೆಯಲ್ಲಿ ಬಳಸಬಾರದಿತ್ತು. ಮೂರು ತಿಂಗಳು ಈ ವಿಷಯ ಎತ್ತಲಿಕ್ಕೇ ಆಗಲಿಲ್ಲ.

ದಾರಿ ತೋರಿಸಿದ್ದು ಆ ಹೆಂಗಸೇ. ಅವರು ಅಧ್ಯಕ್ಷರಿಗೆ ಒಂದೇ ಪ್ರಶ್ನೆ ಕೇಳಿದರು: “ನನ್ನ ಗಂಡನ ಹೆಸರು ಈಗ ಒಂದು ಕಾರ್ಡಿನಲ್ಲಿದೆ. ಕಾರ್ಡು ಡ್ರಾಯರಿನಲ್ಲಿದೆ. ನೀವೆಲ್ಲ ಹೋದಮೇಲೆ ಆ ಡ್ರಾಯರ್ ಯಾರು ತೆಗೀತಾರೆ?” ಆಮೇಲೆ ತಮ್ಮ ಯೋಚನೆ ಹೇಳಿದರು. ಕಾರ್ಡಿನಿಂದ ಹೆಸರು ಹೊಡೆಯುವುದು ಬೇಡ. ಇನ್ನೊಂದು ಪುಸ್ತಕ ಮಾಡೋಣ. ದಪ್ಪ ಹಾಳೆ, ಗಟ್ಟಿ ರಟ್ಟು. ತೀರಿಕೊಂಡವರ ಹೆಸರನ್ನು ಅಲ್ಲಿಗೆ ಸೇರಿಸೋಣ. ಪ್ರತಿ ಹೆಸರನ್ನೂ ಅವರನ್ನು ಬಲ್ಲ ಸದಸ್ಯರೊಬ್ಬರು ತಮ್ಮ ಕೈಯಾರೆ ಬರೆಯಲಿ. ಕೈ ನಡುಗುವವರ ಪರವಾಗಿ ಮೊಮ್ಮಕ್ಕಳು ಬರೆಯಲಿ. ಹಾಜರಿ ಕೂಗುವಾಗ ಎರಡೂ ಪಟ್ಟಿ ಕೂಗೋಣ. ಕಾನೂನಿನ ಲೆಕ್ಕಕ್ಕೆ ಸದಸ್ಯರ ಪಟ್ಟಿ ಅಂದರೆ ಮೊದಲನೆಯದು ಮಾತ್ರ.

ಅಧ್ಯಕ್ಷರು ಒಪ್ಪಿದರು. ಆದರೆ ಶಾಯಿಯಲ್ಲೇ ಬರೆಯಬೇಕು ಅಂದರು.

ಆ ಪುಸ್ತಕ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ನನ್ನ ಅನುಭವದಲ್ಲಿ ಸದಸ್ಯರ ಪಟ್ಟಿ ಸರಿಮಾಡುವ ಕೆಲಸ ಎರಡು ವಾರದ್ದು. ಇಲ್ಲಿ ಪ್ರತಿ ಹೆಸರಿನ ಹಿಂದೆ ಅರ್ಧ ಗಂಟೆಯ ಮಾತು. ಎಲ್ಲಿ ಸಿಕ್ಕಿದ್ದ, ಏನು ಹಾಡುತ್ತಿದ್ದ, ಯಾರಿಗೆ ಸಾಲ ಕೊಡಬೇಕಿತ್ತು. ಜನ ಬಹಳ ದಿನಗಳ ಮೇಲೆ ಸಂಘಕ್ಕೆ ಬರಲು ಶುರುಮಾಡಿದರು. ಕೆಲವರನ್ನು ಮಕ್ಕಳು ಕರೆತಂದರು, ಕರೆತಂದ ಮಕ್ಕಳೂ ಕೂತು ಕೇಳಿದರು. ಹೊಸ ಸದಸ್ಯರಿಗಾಗಿ ನಡೆಸಿದ ಹುಡುಕಾಟದಲ್ಲಿ ಆಗದಿದ್ದದ್ದು ಸತ್ತವರ ಹೆಸರು ಬರೆಯುವಾಗ ಆಯಿತು.

ಲೆಕ್ಕ ಹೀಗೆ ನಿಂತಿತು. ಮೊದಲ ಸುತ್ತಿನಲ್ಲಿ 131 ಜನ ತೀರಿಕೊಂಡದ್ದು ಖಚಿತವಾಯಿತು. 61 ಜನ ಬದುಕಿದ್ದರು. 20 ಜನರ ಸುದ್ದಿಯೇ ಇಲ್ಲ. ಬೈಲಾ ಪ್ರಕಾರ ಮೂರು ವರ್ಷ ಶುಲ್ಕ ಕಟ್ಟದವರಿಗೆ ನೋಟಿಸ್ ಕೊಟ್ಟು ಸದಸ್ಯತ್ವ ತಡೆಹಿಡಿಯಬಹುದಿತ್ತು. ಆ 20 ವಿಳಾಸಗಳಿಗೆ ಪತ್ರ ಹೋಯಿತು. ಮೂವರು ತಾವೇ ಉತ್ತರ ಬರೆದರು. ಒಬ್ಬರ ಮಗಳು, ಅಪ್ಪ ಆರು ವರ್ಷದ ಹಿಂದೆ ಹೋದರು ಅಂತ ತಿಳಿಸಿದಳು. ಉಳಿದ 16 ಹೆಸರುಗಳನ್ನು ಬೇರೆ ಇಟ್ಟೆವು. ಈಗ ಪಟ್ಟಿಯಲ್ಲಿ 64 ಜನ. ಬೇಕಾದ ಹಾಜರಿ 43.

ಮೂರು ಕೋಣೆಯ ಸಭೆ

64ರಲ್ಲಿ 43 ಜನರನ್ನು ಒಂದೇ ಕಡೆ ಸೇರಿಸುವುದೂ ಸಾಧ್ಯವಿರಲಿಲ್ಲ. ಹಲವರಿಗೆ ಪ್ರಯಾಣವೇ ಆಗದು. ಇಲ್ಲಿ ಹಳೆ ಬೈಲಾವೇ ಕೈಹಿಡಿಯಿತು. ಸಂಘ ದೊಡ್ಡದಾಗಿದ್ದಾಗ ಶಾಖೆಗಳಿದ್ದವು. ಆಗ ಬರೆದ ಒಂದು ಉಪಕಲಮು ಇನ್ನೂ ಹಾಗೇ ಇತ್ತು: ಸಭೆಯನ್ನು ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ನಡೆಸಬಹುದು, ಪ್ರತಿ ಸ್ಥಳದಲ್ಲೂ ಸಮಿತಿಯ ಒಬ್ಬರು ಹಾಜರಿ ತೆಗೆದುಕೊಳ್ಳಬೇಕು. ವಕೀಲರಿಗೆ ತೋರಿಸಿದೆವು. ನಡೆಯುತ್ತದೆ ಅಂದರು.

ಸಂಘದ ಕಟ್ಟಡದಲ್ಲಿ 29 ಜನ, ಒಂದು ವೃದ್ಧಾಶ್ರಮದ ಊಟದ ಕೋಣೆಯಲ್ಲಿ 9, ಹಳೆ ಶಾಖೆಯಿದ್ದ ಊರಿನ ಸದಸ್ಯರೊಬ್ಬರ ಮನೆಯಲ್ಲಿ 7. ಒಟ್ಟು 45. ಮೂರೂ ಕಡೆ ಸ್ಪೀಕರ್ ಫೋನು. ವೃದ್ಧಾಶ್ರಮದಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು. ನಿದ್ದೆ ಮಾಡುವವರನ್ನು ಹಾಜರಿ ಅನ್ನಬಹುದಾ ಅಂತ ಒಂದು ಸಣ್ಣ ಚರ್ಚೆಯೂ ಆಯಿತು. ಕಾವಲು ಬಿಟ್ಟರೆ ಬೇರೆಲ್ಲ ಹೊತ್ತಿನಲ್ಲೂ ಸೈನಿಕ ನಿದ್ದೆ ಮಾಡಬಹುದು ಅಂತ ಯಾರೋ ಅಂದರು, ಎಲ್ಲರೂ ನಕ್ಕರು, ಅವರೂ ಎಚ್ಚರವಾದರು.

ಮೂರು ನಿರ್ಣಯಗಳನ್ನು ಬೇರೆ ಬೇರೆಯಾಗಿ ಇಟ್ಟೆವು. ಒಟ್ಟಿಗೆ ಇಟ್ಟಿದ್ದರೆ ಮೂರೂ ಬೀಳುತ್ತಿದ್ದವು ಅಂತ ಈಗಲೂ ನಂಬಿದ್ದೇನೆ. ಪಾಸಾಗಲು 34 ಮತ ಬೇಕಿತ್ತು.

‘ಮುಂಚೂಣಿ’ ಪದ ತೆಗೆದು, ಆ ಯುದ್ಧದಲ್ಲಿ ಆ ಪಡೆಯ ಜೊತೆ ಯಾವುದೇ ಕೆಲಸದಲ್ಲಿದ್ದವರಿಗೂ ಪೂರ್ಣ ಸದಸ್ಯತ್ವ ಕೊಡುವುದಕ್ಕೆ 41 ಮತ ಬಂದವು. ಇದಕ್ಕೆ ಮುಂಚೆ ಖಜಾಂಚಿ ಎದ್ದು ನಿಂತು ಲಾರಿ ಚಾಲಕರ ಪತ್ರ ಓದಿದ್ದರು. ಗ್ರ್ಯಾಂಡ್ ಆರ್ಮಿಯವರು ಗಂಡಸಿನ ವೇಷದಲ್ಲಿ ಸೇನೆಯಲ್ಲಿದ್ದ ಸಾರಾ ಎಮ್ಮಾ ಎಡ್ಮಂಡ್ಸ್ ಅನ್ನುವ ಹೆಂಗಸನ್ನು 1897ರಲ್ಲಿ ಸದಸ್ಯೆಯಾಗಿ ಸೇರಿಸಿಕೊಂಡದ್ದನ್ನೂ ನೆನಪಿಸಿದರು. ನೂರು ವರ್ಷಕ್ಕೂ ಹಿಂದೆ ಅವರಿಗೆ ಸಾಧ್ಯವಾದದ್ದು ನಮಗೆ ಯಾಕೆ ಕಷ್ಟ ಅಂತ ಅವರ ವಾದ.

ವಿಧವೆಯರಿಗೆ ಮತ್ತು ಮಕ್ಕಳಿಗೆ ಹಣ, ಕಟ್ಟಡ, ಸಹಾಯದ ಕೆಲಸ ಇವುಗಳ ಬಗ್ಗೆ ಮತದ ಹಕ್ಕು ಕೊಡುವುದು ಎರಡನೆಯದು. ಸಂಘದ ಹೆಸರು ಮತ್ತು ಬಾವುಟದ ವಿಷಯ ಮಾತ್ರ ಯೋಧರ ಕೈಯಲ್ಲೇ ಇರುತ್ತದೆ. ಇದಕ್ಕೆ 35 ಮತ. ಇನ್ನಿಬ್ಬರು ಕೈ ಎತ್ತದಿದ್ದರೆ ಬಿದ್ದುಹೋಗುತ್ತಿತ್ತು.

ಮೂರನೆಯದು ಮುಚ್ಚುವ ಕಲಮು. ಯುದ್ಧದಲ್ಲಿದ್ದ ಸದಸ್ಯರ ಸಂಖ್ಯೆ 12ಕ್ಕಿಂತ ಕೆಳಗೆ ಇಳಿದ ದಿನ ಸಂಘ ತಾನಾಗಿ ಟ್ರಸ್ಟ್ ಆಗುತ್ತದೆ. ಕಾಗದಪತ್ರ ಪತ್ರಾಗಾರಕ್ಕೆ, ನಿಧಿ ವಿಧವೆಯರ ಸಹಾಯಕ್ಕೆ, ಬಾವುಟವನ್ನು ಸಮಾರಂಭದಲ್ಲಿ ಇಳಿಸಿ ಒಂದೇ ಕಡೆ ಶಾಶ್ವತವಾಗಿ ಇಡುವುದು. ಇದಕ್ಕೆ ವಿರೋಧ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. 38 ಮತ ಬಂದವು. ಬ್ರಿಟನ್ನಿನ ನಾರ್ಮಂಡಿ ವೆಟರನ್ಸ್ ಅಸೋಸಿಯೇಷನ್, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ಎಪ್ಪತ್ತನೇ ವಾರ್ಷಿಕೋತ್ಸವ ಮುಗಿಸಿ, 2014ರ ನವೆಂಬರ್‌ನಲ್ಲಿ ತಾನೇ ಮುಚ್ಚಿಕೊಂಡಿತ್ತು. ಅದೇ ಯುದ್ಧದಲ್ಲಿ ಡನ್‌ಕರ್ಕ್‌ನಲ್ಲಿದ್ದವರ ಸಂಘ 2000ದಲ್ಲೇ ಮುಗಿದಿತ್ತು. ಇದನ್ನು ಅವರೆಲ್ಲ ಬಲ್ಲವರೇ. ಮುಚ್ಚುವುದು ಸೋಲಲ್ಲ, ಯಾರೂ ಇಲ್ಲದೆ ಬೀಗ ತುಕ್ಕು ಹಿಡಿಯುವುದು ಸೋಲು ಅಂತ ಅಧ್ಯಕ್ಷರೇ ಹೇಳಿದರು. ಎರಡು ವರ್ಷದ ಹಿಂದೆ ಇದೇ ಮಾತನ್ನು ನಾನು ಹೇಳಿದ್ದಾಗ ಅವರು ಸಭೆ ಬಿಟ್ಟು ಹೋಗಿದ್ದರು.

ಆಮೇಲೆ

ಎಲ್ಲವೂ ಸರಿಹೋಯಿತು ಅಂತ ಬರೆಯಲು ಆಗುವುದಿಲ್ಲ. ಹೊಸ ಕಲಮಿನಲ್ಲಿ 9 ಜನ ಸೇರಿದರು. ಅವರಲ್ಲಿ ನಾಲ್ವರು ನರ್ಸ್‌ಗಳು. ಎರಡನೇ ನಿರ್ಣಯದ ವಿರುದ್ಧ ಮತ ಹಾಕಿದವರಲ್ಲಿ ಇಬ್ಬರು ಸಂಘ ಬಿಟ್ಟರು. ಅವರಲ್ಲಿ ಒಬ್ಬರು ನೆನಪಿನ ದಿನ ಮಾತ್ರ ಬರುತ್ತಾರೆ, ಗೇಟಿನ ಹತ್ತಿರ ನಿಂತು ಹಾಜರಿ ಕೇಳಿ ಹೋಗುತ್ತಾರೆ. ಕಿರಿಯ ತಲೆಮಾರಿನವರು ಇವತ್ತಿಗೂ ಬಂದಿಲ್ಲ. ಆ ಬಾಗಿಲು ಅವತ್ತೊಂದು ಸಂಜೆ ಮುಚ್ಚಿಹೋಯಿತು.

ಮತ್ತೆ ಇಂಥ ಕೆಲಸ ಬಂದರೆ ಮೊದಲು ಬೈಲಾದ ಕೊನೆಯ ಪುಟ ಓದುತ್ತೇನೆ. ತಿದ್ದುವುದು ಹೇಗೆ, ಮುಚ್ಚುವುದು ಹೇಗೆ, ಅದಕ್ಕೆ ಎಷ್ಟು ಜನ ಬೇಕು, ಅಷ್ಟು ಜನ ಇದ್ದಾರಾ. ಸದಸ್ಯತ್ವದ ವಾದ ಆಮೇಲೆ. ಮತವಿಲ್ಲದ ಸಹ ಸದಸ್ಯತ್ವವನ್ನು ಯಾರಿಗೂ ಸಲಹೆ ಮಾಡುವುದಿಲ್ಲ, ಅದರಲ್ಲೂ ಈಗಾಗಲೇ ಕೆಲಸ ಮಾಡುತ್ತಿರುವವರಿಗೆ. ಕಿರಿಯರನ್ನು ಕರೆಯುವುದಾದರೆ ಕೇಳುಗರಾಗಿ ಕರೆಯುವುದಿಲ್ಲ, ಮೊದಲ ಸಭೆಯ ಅರ್ಧ ಹೊತ್ತನ್ನು ಅವರಿಗೇ ಬಿಡುತ್ತೇನೆ. ಇನ್ನೊಂದು, ಸಂಘ ಯಾಕೆ ಹುಟ್ಟಿತು ಅನ್ನುವುದನ್ನು ನಡಾವಳಿಯ ಮೊದಲ ಪುಟದಲ್ಲಿ ಹುಡುಕುತ್ತೇನೆ. ಈ ಸಂಘ ಹುಟ್ಟಿದ್ದು ವಿಧವೆಯೊಬ್ಬರ ಅರ್ಜಿ ತುಂಬುವುದಕ್ಕೆ. ಅಧ್ಯಕ್ಷರ ಮನಸ್ಸು ಕರಗಲು ಬೇರೆ ಕಾರಣಗಳೂ ಇರಬಹುದು. ಆದರೆ ಆ ಮೊದಲ ಪುಟದ ನಕಲು ಅವರ ಮೇಜಿನ ಮೇಲೆ ಬಹಳ ದಿನ ಇತ್ತು.

ಲಾರಿ ಚಾಲಕರ ಮನೆಗೆ ಖಜಾಂಚಿ ತಾವೇ ಹೋಗಿ ಅರ್ಜಿ ಕೊಟ್ಟಿದ್ದರು. ಅವರು ಚೆನ್ನಾಗಿ ಮಾತಾಡಿಸಿದರು, ಅರ್ಜಿ ಮಾತ್ರ ತುಂಬಲಿಲ್ಲ. “ಈಗ ಒಳಗೆ ಬಂದು ಯಾರ ಜೊತೆ ಮಾತಾಡಲಿ? ನನಗೆ ಗೊತ್ತಿದ್ದವರೆಲ್ಲ ನಿಮ್ಮ ಎರಡನೇ ಪುಸ್ತಕದಲ್ಲಿದ್ದಾರೆ” ಅಂದರಂತೆ. ಅವರು ಕಳೆದ ವರ್ಷ ತೀರಿಕೊಂಡರು. ಅವರ ಮಗಳು ಸಂಘಕ್ಕೆ ಪತ್ರ ಬರೆದು, ಅಪ್ಪನ ಹೆಸರನ್ನು ಆ ಪುಸ್ತಕದಲ್ಲಿ ಸೇರಿಸಬಹುದಾ ಅಂತ ಕೇಳಿದಳು.

ನಿಯಮದ ಪ್ರಕಾರ ಆಗದು. ಆ ಪುಸ್ತಕ ಸದಸ್ಯರಾಗಿದ್ದವರಿಗೆ. ಅವರು ಯಾವತ್ತೂ ಸದಸ್ಯರಾಗಿರಲಿಲ್ಲ, ಕರೆದಾಗ ಬೇಡ ಅಂದವರು ಬೇರೆ. ಬೇಡ ಅಂದವರ ಹೆಸರನ್ನು ಅವರು ಹೋದಮೇಲೆ ಬರೆಯುವುದು ಸರಿಯಾ ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಮುಕ್ಕಾಲು ಗಂಟೆ ಮಾತು ನಡೆಯಿತು. ಈಗ ಕಾರ್ಯದರ್ಶಿಯಾಗಿರುವುದು ಆ ಹೆಂಗಸು, ಮೊದಲು ಬಾಗಿಲ ಹೊರಗೆ ಕೂರುತ್ತಿದ್ದವರು. ಅವರು ಬರೆದ ನಡಾವಳಿಯಲ್ಲಿ ವಾದ ವಿವಾದ ಏನೂ ಇಲ್ಲ, ಒಂದೇ ಸಾಲು ಇದೆ: “ಹೆಸರು ಬರೆಯುವುದು. ಖಜಾಂಚಿ ಬರೆಯುತ್ತಾರೆ.”